ಹಗಲಿನ ಕಚೇರಿ, ಸಂಜೆಯ ಕಚೇರಿ

ಕನ್ನಡದಲ್ಲಿ ‘ಕಚೇರಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಕಾಯುವವರು ಹೊರಟಿರುವುದು ಕಚೇರಿಗೆ. ರಾಮನವಮಿಯ ಚಪ್ಪರದಲ್ಲಿ ತಂಬೂರಿಯ ಶ್ರುತಿಗೆ ವಿದ್ವಾಂಸರು ಹಾಡಲು ತೊಡಗಿದರೆ ಅದೂ ಕಚೇರಿಯೇ. ಹಿಂದೂಸ್ತಾನಿಯಿಂದ ಬಂದ ಈ ಪದ ಮೊದಲು ಆಡಳಿತದ, ನ್ಯಾಯವಿಚಾರಣೆಯ ಸಭೆಯನ್ನು ಸೂಚಿಸುತ್ತಿತ್ತು. ‘ಸಭೆ’ ಎಂಬ ಅರ್ಥದ ಎಳೆ ಹಿಡಿದು ಅದು ಸಂಗೀತದ ಜಗಲಿಗೂ ಏರಿತು. ಅದೇ ದಾರಿಯಲ್ಲಿ ಬಂದ ಇನ್ನೆರಡು ಪದಗಳು ‘ಪುರಸೊತ್ತು’ ಮತ್ತು ‘ರಜೆ’. ರಜೆ ಎಂದರೆ ಮೂಲದಲ್ಲಿ ಒಪ್ಪಿಗೆ, ಸಮ್ಮತಿ. ಬಿಡುವು ತಾನಾಗಿ ಸಿಕ್ಕುವುದಲ್ಲ, ಇನ್ನೊಬ್ಬರು ಒಪ್ಪಿ ಕೊಟ್ಟರೆ ಮಾತ್ರ ಸಿಕ್ಕುವುದು ಎಂಬ ಅನುಭವ ಈ ಪದದಲ್ಲೇ ಅಡಗಿದೆ.

ಉದ್ಯೋಗ, ಸಂಸಾರ, ಹವ್ಯಾಸ ಈ ಮೂರನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗುವುದು ಹೇಗೆ ಎಂಬುದು ಇಂದಿನವರ ದೊಡ್ಡ ಚಿಂತೆ. ಇದಕ್ಕೆ ಸಿಕ್ಕುವ ಉತ್ತರ ಸಾಮಾನ್ಯವಾಗಿ ಒಂದೇ: ಶಿಸ್ತು ಬೇಕು, ಬೇಗ ಏಳಬೇಕು, ವೇಳಾಪಟ್ಟಿ ಹಾಕಿಕೊಳ್ಳಬೇಕು. ಆದರೆ ಹೊಸಗನ್ನಡ ಸಾಹಿತ್ಯದ ಚರಿತ್ರೆಯನ್ನು ಈ ದೃಷ್ಟಿಯಿಂದ ತಿರುವಿ ಹಾಕಿದರೆ ಬೇರೊಂದು ಸಂಗತಿ ಕಾಣುತ್ತದೆ. ಆ ಸಾಹಿತ್ಯದ ಬಹುಭಾಗ ಸಂಬಳದ ಕೆಲಸದಲ್ಲಿದ್ದವರು ಬಿಡುವಿನಲ್ಲಿ ಬರೆದದ್ದು. ಅವರಲ್ಲಿ ಶಿಸ್ತು ಇತ್ತು, ನಿಜ. ಅದಕ್ಕಿಂತ ಮುಖ್ಯವಾಗಿ ಅವರ ಹಗಲಿಗೆ ಒಂದು ಕೊನೆಯಿತ್ತು, ಅವರ ಮನೆಯಲ್ಲಿ ಇನ್ನೊಬ್ಬರ ದುಡಿಮೆಯಿತ್ತು.

ಗಡಿಯಾರಕ್ಕೆ ಮುಂಚೆ

ಕೆಲಸ ಬೇರೆ, ಬಿಡುವು ಬೇರೆ ಎಂಬ ಕಟ್ಟುನಿಟ್ಟಿನ ಗೆರೆ ಬಹಳ ಹಳೆಯದಲ್ಲ. 10ನೆಯ ಶತಮಾನದ ಪಂಪ ಕವಿಯೂ ಹೌದು, ಕಲಿಯೂ ಹೌದು. ಅರಿಕೇಸರಿಯ ಆಸ್ಥಾನದಲ್ಲಿ ಯೋಧನಾಗಿದ್ದುಕೊಂಡೇ ಎರಡು ಮಹಾಕಾವ್ಯಗಳನ್ನು ರಚಿಸಿದ. ಒಂದನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಅವನೇ ಹೇಳಿಕೊಂಡಿದ್ದಾನೆ. 12ನೆಯ ಶತಮಾನದ ವಚನಕಾರರಂತೂ ಕಸುಬಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡವರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಇವರಿಗೆ ವಚನ ಹೇಳುವುದು ಕೆಲಸ ಮುಗಿದ ಮೇಲಿನ ವಿನೋದವಾಗಿರಲಿಲ್ಲ. ಬಟ್ಟೆ, ದೋಣಿ, ಬಿದಿರು ಇವುಗಳೇ ಅವರ ಮಾತಿಗೆ ಉಪಮೆಗಳಾದವು.

ಆದರೂ ಆ ಕಾಲಕ್ಕೇ ತೂಕ ತಪ್ಪುವ ಪ್ರಶ್ನೆ ಎದ್ದಿತ್ತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇದಕ್ಕೆ ಸಾಕ್ಷಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಮ್ಮೆ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತ ಅವನಿಗೆ ಕಾಯಕ ನಿಂತುಹೋದುದನ್ನು ನೆನಪಿಸಿದವಳು ಹೆಂಡತಿ. ಇನ್ನೊಮ್ಮೆ ಅವನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮೊದಲಿದ್ದ ಕಡೆಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಮಾತಿನ ಸುಖಕ್ಕೆ ದುಡಿಮೆ ಬಲಿಯಾಗಬಾರದು, ದುಡಿಮೆಯೂ ಅಗತ್ಯ ಮೀರಿ ಬೆಳೆಯಬಾರದು. ಎರಡು ಕಡೆಗೂ ಮಿತಿ ಹಾಕಿದ ಈ ಮಹಿಳೆ ಸ್ವತಃ ವಚನಕಾರ್ತಿಯಾಗಿದ್ದಳು ಎಂಬುದು ಗಮನಿಸಬೇಕಾದ ಅಂಶ.

ಹದಿನೆಂಟು ಇಲಾಖೆಗಳ ಸೂರು

ಮೈಸೂರು ಸಂಸ್ಥಾನದಲ್ಲಿ ಈ ಚಿತ್ರ ಬದಲಾದದ್ದು 19ನೆಯ ಶತಮಾನದಲ್ಲಿ. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋದ ಮೇಲೆ ಕಡತ, ವರದಿ, ತನಿಖೆಗಳ ಆಡಳಿತ ಬೇರುಬಿಟ್ಟಿತು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು, ರೈಲಿನ ಜೊತೆಗೆ ನಿಮಿಷದ ಲೆಕ್ಕವೂ ಬಂತು. ಟಿಪ್ಪು ಅರಮನೆಯಲ್ಲಿದ್ದ ಸರ್ಕಾರಿ ಕಚೇರಿಗಳಿಗೆ 1868ರಲ್ಲಿ ಹೊಸ ಕಟ್ಟಡ ಸಿದ್ಧವಾಯಿತು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಸೇರಿದ್ದರಿಂದ ಅದಕ್ಕೆ ಅಠಾರಾ ಕಚೇರಿ ಎಂಬ ಹೆಸರಾಯಿತು. ಈಗ ಹೈಕೋರ್ಟು ಇರುವುದು ಅಲ್ಲೇ.

ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಉನ್ನತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಜಾರಿಗೆ ಬಂತು. ಇಂಗ್ಲಿಷ್ ಕಲಿತ, ನಿಯತವಾಗಿ ಸಂಬಳ ಪಡೆಯುವ, ಸಂಜೆಯಾದರೆ ಮನೆಗೆ ಹಿಂತಿರುಗುವ ಹೊಸ ವರ್ಗವೊಂದು ಹೀಗೆ ಬೆಳೆಯಿತು. ಭೂಮಿಯ ಆದಾಯದಲ್ಲಿ ಬದುಕಿದ ಹಳೆಯ ವಿದ್ವಾಂಸನಿಗಿಂತ, ರಾಜಾಶ್ರಯದ ಕವಿಗಿಂತ ಈ ವರ್ಗ ಭಿನ್ನ. ಇವರಿಗೆ ದಿನವಿಡೀ ಪುರಸೊತ್ತಿಲ್ಲ, ಆದರೆ ದಿನವೂ ಸ್ವಲ್ಪ ಪುರಸೊತ್ತುಂಟು. ಜೊತೆಗೆ, ಬರೆದು ಹೊಟ್ಟೆ ಹೊರೆಯಬೇಕಾದ ಅನಿವಾರ್ಯವಿಲ್ಲ.

ಕನ್ನಡದ ಹಲವು ದೊಡ್ಡ ಕೆಲಸಗಳು ಆದದ್ದು ಇಂಥವರ ಕೈಯಿಂದ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಹಿರಿಯ ಅಧಿಕಾರಿ. ಪರಿಷತ್ತನ್ನು ಕಟ್ಟಲು ದುಡಿದ ಕರ್ಪೂರ ಶ್ರೀನಿವಾಸರಾಯರು ಇಂಜಿನಿಯರು. ಕನ್ನಡ ಕವಿಗಳ ಕಾಲ, ಕೃತಿಗಳ ವಿವರ ಕಲೆಹಾಕಿ ‘ಕರ್ಣಾಟಕ ಕವಿಚರಿತೆ’ ಬರೆದ ಆರ್. ನರಸಿಂಹಾಚಾರ್ಯರು ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದವರು. ಆ ಗ್ರಂಥದ ಮೊದಲ ಸಂಪುಟ ಹೊರಬಂದದ್ದು 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಮೊದಲ ಸಂಪುಟಕ್ಕೂ ಕೊನೆಯದಕ್ಕೂ ನಡುವೆ 22 ವರ್ಷ. ಬಿಡುವಿನಲ್ಲಿ ಮಾಡುವ ಕೆಲಸಕ್ಕೆ ಅದರದೇ ಆದ ನಡಿಗೆಯುಂಟು.

ಮಾಸ್ತಿಯವರ ಎರಡು ಆಯುಸ್ಸು

ಈ ಬಗೆಯ ಬದುಕಿಗೆ ಒಬ್ಬರನ್ನೇ ನಿದರ್ಶನವಾಗಿ ಹೇಳಬೇಕೆಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರು ಮೊದಲು ಬರುತ್ತದೆ. ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾದ 1891ರಲ್ಲೇ ಹುಟ್ಟಿದ ಅವರು, ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ 1914ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಅಸಿಸ್ಟೆಂಟ್ ಕಮಿಷನರಾಗಿ ತೊಡಗಿ ಎಕ್ಸೈಸ್ ಕಮಿಷನರ್ ಹುದ್ದೆಯವರೆಗೆ ಏರಿದರು. ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ 1943ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಆ ಬಳಿಕ 43 ವರ್ಷ ಬಾಳಿ 1986ರಲ್ಲಿ ತೀರಿಕೊಂಡರು. ಸುಮಾರು 29 ವರ್ಷದ ನೌಕರಿ ಒಂದು ಆಯುಸ್ಸಾದರೆ, ಆಮೇಲಿನದು ಇನ್ನೊಂದು ಆಯುಸ್ಸು.

ಎರಡೂ ಆಯುಸ್ಸಿನಲ್ಲಿ ಅವರು ಬರೆದದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಅಧಿಕಾರಿಯಾಗಿದ್ದಾಗ ಪ್ರಕಟವಾದವು ಮುಖ್ಯವಾಗಿ ಚಿಕ್ಕ ಅಳತೆಯ ಕೃತಿಗಳು. 1920ರಲ್ಲಿ ಮೊದಲ ಕಥಾಸಂಕಲನ, 1922ರಲ್ಲಿ ‘ಬಿನ್ನಹ’ದ ಕವಿತೆಗಳು, 1928ರಲ್ಲಿ ‘ಸುಬ್ಬಣ್ಣ’ ಎಂಬ ನೀಳ್ಗಥೆ, 1933ರಲ್ಲಿ ‘ಯಶೋಧರಾ’, 1938ರಲ್ಲಿ ‘ಕಾಕನಕೋಟೆ’ ನಾಟಕ. ಒಂದು ಸಂಜೆಯಲ್ಲಿ, ಒಂದು ಭಾನುವಾರದಲ್ಲಿ, ಒಂದು ರಜೆಯಲ್ಲಿ ರೂಪುಗೊಳ್ಳಬಲ್ಲ ಪ್ರಕಾರಗಳು ಇವು. ನೂರಾರು ಪುಟಗಳ ‘ಚೆನ್ನಬಸವ ನಾಯಕ’, ‘ಚಿಕವೀರ ರಾಜೇಂದ್ರ’ ಕಾದಂಬರಿಗಳು ಬಂದದ್ದು ನಿವೃತ್ತಿಯ ನಂತರ. ಎರಡನೆಯದು 1956ರಲ್ಲಿ ಪ್ರಕಟವಾಗಿ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ‘ಜೀವನ’ ಮಾಸಪತ್ರಿಕೆಯನ್ನು ಎರಡು ದಶಕ ನಡೆಸಿದ್ದೂ ನೌಕರಿ ಬಿಟ್ಟ ಮೇಲೆಯೇ. ಕನ್ನಡ ಸಣ್ಣಕಥೆಯ ಬೆಳವಣಿಗೆಗೆ ಪಶ್ಚಿಮದ ಪ್ರಭಾವ, ಪತ್ರಿಕೆಗಳ ಪ್ರೋತ್ಸಾಹ ಮುಂತಾದ ಕಾರಣಗಳನ್ನು ಹೇಳುವುದುಂಟು. ಬರೆಯುವವರ ಬಳಿ ಎಷ್ಟು ಹೊತ್ತು ಇತ್ತು ಎಂಬುದನ್ನೂ ಆ ಪಟ್ಟಿಗೆ ಸೇರಿಸಬಹುದು.

ಹಾಗೆಂದು ನೌಕರಿ ಅವರ ಬರವಣಿಗೆಗೆ ಬರೀ ಅಡ್ಡಿಯಾಗಿರಲಿಲ್ಲ. ರೆವಿನ್ಯೂ ಅಧಿಕಾರಿಗೆ ಸರ್ಕೀಟು ತಪ್ಪಿದ್ದಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗಬೇಕು, ಬಂಗಲೆಯಲ್ಲಿ ತಂಗಬೇಕು, ಶ್ಯಾನುಭೋಗರ, ಪಟೇಲರ, ರೈತರ ದೂರುಗಳನ್ನು ಕೇಳಬೇಕು. ಮಾಸ್ತಿಯವರ ಕಥೆಗಳಲ್ಲಿ ಯಾರೋ ಒಬ್ಬರು ತಾವು ಕಂಡದ್ದನ್ನೋ ಕೇಳಿದ್ದನ್ನೋ ಇನ್ನೊಬ್ಬರಿಗೆ ಸಾವಧಾನವಾಗಿ ಹೇಳುವ ಕ್ರಮ ಪದೇಪದೇ ಬರುತ್ತದೆ. ಇಬ್ಬರ ಕಡೆಯ ಮಾತನ್ನೂ ಕೇಳಿ, ತೀರ್ಪಿಗೆ ಆತುರಪಡದ ಆ ಧಾಟಿಗೆ ಕಚೇರಿಯ ಅಭ್ಯಾಸವೂ ಒದಗಿಬಂದಿರಬೇಕು. ಹೆಗ್ಗಡದೇವನಕೋಟೆ ಕಡೆಯ ಕಾಡಿನ ಜನ ‘ಕಾಕನಕೋಟೆ’ಯಲ್ಲಿ ಮೈದಾಳಿದ್ದು ಊರು ಸುತ್ತಿದ ಲೇಖಕನಿಂದಲೇ.

ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುವುದು ಅವರ ನಿತ್ಯದ ವಾಡಿಕೆಯಾಗಿತ್ತು. ಇಷ್ಟು ಬರೆದವರಿಗೆ ಇಸ್ಪೀಟಿಗೂ ಸಮಯವಿತ್ತೆ ಎಂದು ಅಚ್ಚರಿಪಟ್ಟವರುಂಟು. ಬಿಡುವೆಂದರೆ ಇನ್ನೊಂದು ದುಡಿಮೆಯನ್ನು ತುಂಬಬೇಕಾದ ಖಾಲಿ ಚೀಲವಲ್ಲ ಎಂದು ತಿಳಿದವರಿಗೆ ಮಾತ್ರ ಇದು ಸಾಧ್ಯ.

ಸಂಸಾರವೇ ಕಾವ್ಯವಾದಾಗ

ಮಾಸ್ತಿಯವರು ಮೇಲಿನ ದರ್ಜೆಯ ಅಧಿಕಾರಿ. ಕೆಳಗಿನ ಮೇಜಿನಲ್ಲಿ ಕೂತವರ ಕಥೆ ಇಷ್ಟು ಹಗುರವಲ್ಲ. ಪು.ತಿ. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ ದುಡಿಯುತ್ತ ಕವಿತೆ, ಗೀತನಾಟಕ ಬರೆದರು. 1915ರಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು ಗುಮಾಸ್ತರಾಗಿ ಸೇರಿ ಮೈಸೂರು, ನಂಜನಗೂಡು, ಬೆಂಗಳೂರುಗಳಲ್ಲಿ ಕೆಲಸ ಮಾಡಿ 1970ರಲ್ಲಿ ನಿವೃತ್ತರಾದವರು. ಅವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಗಂಡ ಹೆಂಡಿರ ಪ್ರೀತಿ, ತವರಿನ ನೆನಪು, ಬಳೆಗಾರನ ಬರವು ಮುಂತಾದ ಸಾಮಾನ್ಯ ಸಂಸಾರದ ಸಂಗತಿಗಳನ್ನೇ ಹಾಡಾಗಿಸಿದ ಆ ಪುಸ್ತಕ ಕನ್ನಡಿಗರ ಮನೆಮನೆ ಸೇರಿತು. ಸಂಸಾರ ಹವ್ಯಾಸಕ್ಕೆ ಎದುರಾಳಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೆ ಅದೇ ಕವಿಯ ಮುಂದಿನ ಸಂಕಲನಗಳಲ್ಲಿ ಬದುಕಿನ ಬಿಗಿ ಹೆಚ್ಚುತ್ತ ಹೋಗುತ್ತದೆ. 1960ರಲ್ಲಿ ಬಂದ ಸಂಕಲನದ ಹೆಸರೇ ‘ಮನೆಯಿಂದ ಮನೆಗೆ’. ಆಮೇಲಿನ ‘ತೆರೆದ ಬಾಗಿಲು’ ಬಂದದ್ದು 1976ರಲ್ಲಿ, ನಿವೃತ್ತಿಯಾಗಿ ಆರು ವರ್ಷದ ಬಳಿಕ. ಹದಿನಾರು ವರ್ಷದ ಆ ಅಂತರಕ್ಕೆ ಕಾರಣಗಳು ಹಲವಿರಬಹುದು. ಹವ್ಯಾಸದ ಹೊಳೆ ಎಲ್ಲ ಕಾಲದಲ್ಲೂ ಒಂದೇ ಸಮನೆ ಹರಿಯುವುದಿಲ್ಲ ಎಂಬುದನ್ನಂತೂ ಅದು ತೋರಿಸುತ್ತದೆ. ಕೆಲವು ವರ್ಷ ಏನೂ ಬರೆಯದಿದ್ದವರು ಸೋತವರೇನಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕರಾವಳಿಯಲ್ಲಿ ಮುದ್ದಣನಿದ್ದಾನೆ. ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬ ಈತ 1870ರಲ್ಲಿ ಹುಟ್ಟಿ 1901ರಲ್ಲೇ ಕ್ಷಯರೋಗಕ್ಕೆ ತುತ್ತಾದ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನ ಕೆಲಸ, ಸಂಬಳ ಅಲ್ಪ. ತಾನು ಬರೆದದ್ದನ್ನು ಹಳೆಯ ಕವಿಯ ಓಲೆಗರಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ. ಹಗಲಿನ ಡ್ರಿಲ್ ಮಾಸ್ತರನಿಗೂ ರಾತ್ರಿಯ ಕವಿಗೂ ಸಂಬಂಧವಿದೆಯೆಂದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಅವನ ‘ಶ್ರೀರಾಮಾಶ್ವಮೇಧಂ’ ಗದ್ಯಕಾವ್ಯದ ಚೌಕಟ್ಟು ನೆನಪಿಡುವಂಥದು. ಮಳೆಗಾಲದ ಒಂದು ದಿನ ಅರಮನೆಯಿಂದ ದಣಿದು ಬಂದ ಮುದ್ದಣನನ್ನು ಹೆಂಡತಿ ಮನೋರಮೆ ಉಪಚರಿಸುತ್ತಾಳೆ; ಹೊತ್ತು ಹೋಗಲು ಒಂದು ಕಥೆ ಹೇಳೆಂದು ಕೇಳುತ್ತಾಳೆ. ಅವನು ಕಠಿಣ ಸಂಸ್ಕೃತ ಬಳಸಿದರೆ ತಡೆಯುತ್ತಾಳೆ, ಅನುಮಾನ ಬಂದರೆ ಪ್ರಶ್ನಿಸುತ್ತಾಳೆ, ಕೀಟಲೆ ಮಾಡುತ್ತಾಳೆ. ಕೆಲಸ, ಮನೆ, ಕಲೆ ಮೂರೂ ಒಂದೇ ಜಗಲಿಯಲ್ಲಿ ಕೂಡುವ ಈ ಚಿತ್ರ ಹೊಸಗನ್ನಡದ ಮುಂಬೆಳಗಿನಲ್ಲೇ ಮೂಡಿತ್ತು.

ಮನೋರಮೆಗೆ ಪುರಸೊತ್ತೆಲ್ಲಿ?

ಆದರೆ ಈ ಚಿತ್ರದಲ್ಲಿ ಕಥೆ ಹೇಳುವವನು ಗಂಡ, ದಣಿದವನನ್ನು ಉಪಚರಿಸಿ ಕಥೆ ಕೇಳುವವಳು ಹೆಂಡತಿ. ಕಚೇರಿಯಿಂದ ಬಂದ ಲೇಖಕನಿಗೆ ಬಿಸಿ ಕಾಫಿ, ಶುಚಿಯಾದ ಮೇಜು, ಗದ್ದಲವಿಲ್ಲದ ಕೋಣೆ ಸಿಕ್ಕುತ್ತಿದ್ದದ್ದು ಮನೆಯ ಹೆಂಗಸರ ದುಡಿಮೆಯಿಂದ. ಆ ದುಡಿಮೆಗೆ ಐದು ಗಂಟೆಯ ಗಂಟೆ ಬಾರಿಸುತ್ತಿರಲಿಲ್ಲ, ಭಾನುವಾರವೂ ಇರಲಿಲ್ಲ. ಎಷ್ಟೋ ಪುಸ್ತಕಗಳ ಅರಿಕೆಯಲ್ಲಿ ಮುದ್ರಣಾಲಯದವರಿಗೆ ಕೃತಜ್ಞತೆ ಕಾಣುತ್ತದೆ, ಅಡುಗೆಮನೆಗೆ ಕಾಣುವುದಿಲ್ಲ.

ಬರೆಯಬಯಸಿದ ಹೆಣ್ಣುಮಕ್ಕಳು ಹೊತ್ತನ್ನು ಎಲ್ಲಿಂದ ತಂದರು ಎಂದು ಕೇಳಿದರೆ ನೋವಿನ ಉತ್ತರಗಳು ಸಿಕ್ಕುತ್ತವೆ. ನಂಜನಗೂಡು ತಿರುಮಲಾಂಬಾ (1887–1982) ಬಾಲ್ಯದಲ್ಲೇ ವಿಧವೆಯಾದವರು. ತಂದೆಯ ಮನೆಯಲ್ಲಿ ಓದಿ ಬೆಳೆದು 1913ರಲ್ಲಿ ‘ಸತಿಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು, ಕಾದಂಬರಿಗಳನ್ನು ಬರೆದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಸಂಸಾರದ ಸುಖವನ್ನು ಕಸಿದುಕೊಂಡ ಸಮಾಜವೇ, ಅದಕ್ಕೆ ಬದಲಾಗಿ ಎಂಬಂತೆ, ಅವರಿಗೆ ಹೊತ್ತನ್ನು ಬಿಟ್ಟುಕೊಟ್ಟಿತ್ತು. ಮುಂದೆ ದಶಕಗಳ ಕಾಲ ಅವರ ಹೆಸರು ಮರೆವಿಗೆ ಸಂದಿತು.

ಕೊಡಗಿನ ಗೌರಮ್ಮ (1912–1939) ಗೃಹಿಣಿಯಾಗಿದ್ದು ಕಥೆ ಬರೆದವರು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿ ಕಥೆಗಳಿಗೆ ಸಹಿ ಹಾಕುತ್ತಿದ್ದರು. ಟೆನಿಸ್ ಆಡುತ್ತಿದ್ದ, ಈಜುತ್ತಿದ್ದ ಈ ಲವಲವಿಕೆಯ ಹೆಣ್ಣುಮಗಳು 27ನೆಯ ವಯಸ್ಸಿನಲ್ಲಿ ನೀರುಪಾಲಾದರು. ‘ಕಂಬನಿ’, ‘ಚಿಗುರು’ ಸಂಕಲನಗಳು ಹೊರಬಂದದ್ದು ಅವರು ಹೋದ ಮೇಲೆ. 1953ರಲ್ಲಿ ‘ಅಪಸ್ವರ’ದೊಂದಿಗೆ ಕಾಣಿಸಿಕೊಂಡ ತ್ರಿವೇಣಿಯವರು ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದು, 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಕಾದಂಬರಿಗಳಲ್ಲಿ ಮನಸ್ಸಿನ ಸಮತೋಲ ಕಳೆದುಕೊಳ್ಳುವ ಹೆಣ್ಣುಗಳು ಮತ್ತೆಮತ್ತೆ ಬರುವುದು ಸುಮ್ಮನೆ ಅಲ್ಲ.

ಪಾಳಿ ಮುಗಿದ ಮೇಲೆ

ಕಚೇರಿಯವರಿಗೆ ಸಂಜೆ ಸಿಕ್ಕಷ್ಟು ಸುಲಭವಾಗಿ ಕಾರ್ಖಾನೆಯವರಿಗೆ ಸಿಕ್ಕಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ, 1890ರಲ್ಲಿ. ವಯಸ್ಕ ಗಂಡಾಳಿನ ದುಡಿಮೆಗೆ ಕಾನೂನು ಮಿತಿ ಹಾಕಿದ್ದು 1911ರಲ್ಲಿ. ಅದೂ ದಿನಕ್ಕೆ 12 ಗಂಟೆ. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54 ಗಂಟೆ ಎಂದಾಯಿತು. 1948ರ ಕಾರ್ಖಾನೆ ಕಾಯಿದೆಯಲ್ಲಿ ಆ ಮಿತಿ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂದಿತ್ತು. ಪ್ರತಿ ಮೆಟ್ಟಿಲಿಗೂ ಹೋರಾಟ ಬೇಕಾಯಿತು.

ಅದರ ಫಲವನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಾಣಬಹುದಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳು ಬೆಳೆದಂತೆ ಅಲ್ಲಿನ ನೌಕರರ ಕನ್ನಡ ಸಂಘಗಳು, ಲಲಿತಕಲಾ ಸಂಘಗಳು ಬೆಳೆದವು. ಪಾಳಿ ಮುಗಿಸಿ ಬಂದವರು, ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು ಸೇರಿ ನಾಟಕದ ತಾಲೀಮು ನಡೆಸಿದರು. ‘ಹವ್ಯಾಸಿ ರಂಗಭೂಮಿ’ ಎಂಬ ಹೆಸರೇ ಈ ಬದುಕಿನ ಕ್ರಮವನ್ನು ಹೇಳುತ್ತದೆ. 1963ರಲ್ಲಿ ಆರಂಭವಾದ ರವೀಂದ್ರ ಕಲಾಕ್ಷೇತ್ರದಲ್ಲಿ ಸಂಜೆಯ ನಾಟಕಕ್ಕೆ ಬಣ್ಣ ಹಚ್ಚಿದವರಲ್ಲಿ ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾದವರೇ ಹೆಚ್ಚು. ಅಲ್ಲೂ ಸ್ತ್ರೀ ಪಾತ್ರಕ್ಕೆ ಕಲಾವಿದೆಯರು ಸಿಕ್ಕುವುದು ಕಷ್ಟವಾಗಿತ್ತು. ತಾಲೀಮಿನ ಹೊತ್ತೇ ಮನೆಯಲ್ಲಿ ಒಲೆ ಹಚ್ಚುವ ಹೊತ್ತು.

ಮಿತಿಯ ಪ್ರಶ್ನೆ

ಈಗ ಗೆರೆ ಮತ್ತೆ ಅಳಿಸಿಹೋಗುತ್ತಿದೆ. ಕಚೇರಿ ಮನೆಗೆ ಬಂದಿದೆ, ಜೇಬಿನೊಳಗೆ ಸೇರಿದೆ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ 12 ಗಂಟೆಯ ಪಾಳಿಗೆ ಅವಕಾಶ ಕಲ್ಪಿಸಿತು. ಅದೇ ವರ್ಷ, ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ಹೇಳಿದ ಮಾತು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಮನೆಯೊಳಗಿನ ಲೆಕ್ಕವನ್ನು 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುತ್ತದೆ. ಸಂಬಳವಿಲ್ಲದ ಮನೆಗೆಲಸಕ್ಕೆ, ಅದರಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ವ್ಯತ್ಯಾಸ ಮೂರು ಗಂಟೆಗೂ ಮೀರಿದ್ದು. ಒಂದು ಸಣ್ಣಕಥೆ ಬರೆಯಲು, ಒಂದು ರಾಗವನ್ನು ಸಾವಧಾನವಾಗಿ ಅಭ್ಯಾಸ ಮಾಡಲು, ಮಗುವಿನೊಂದಿಗೆ ಕೂತು ಒಂದು ಚಿತ್ರ ಬಿಡಿಸಲು ಧಾರಾಳವಾಗಿ ಸಾಲುವ ಹೊತ್ತು ಅದು.

ಬೇಗ ಏಳಿ ಎಂಬ ಉಪದೇಶ ಒಳ್ಳೆಯದೇ. ಆದರೆ ಬೇಗ ಏಳುವವರ ಪೈಕಿ ಯಾರು ಬರೆಯುವ ಮೇಜಿಗೆ ಹೋಗುತ್ತಾರೆ, ಯಾರು ಒಲೆಯ ಮುಂದೆ ನಿಲ್ಲುತ್ತಾರೆ ಎಂಬುದನ್ನು ಆ ಉಪದೇಶ ಕೇಳುವುದಿಲ್ಲ. ಮಾಸ್ತಿಯವರಿಗೆ ಕಥೆ ಬರೆಯಲು ಸಂಜೆ ಸಿಕ್ಕಿದ್ದು ಸರ್ಕಾರದ ಕಚೇರಿ ಮುಚ್ಚುತ್ತಿದ್ದುದರಿಂದ, ಮನೆಯ ಕಚೇರಿ ಮುಚ್ಚದೆ ನಡೆಯುತ್ತಿದ್ದುದರಿಂದ. ಮೊದಲನೆಯದನ್ನು ಉಳಿಸಿಕೊಳ್ಳುವುದು, ಎರಡನೆಯದನ್ನು ಹಂಚಿಕೊಳ್ಳುವುದು ಎರಡೂ ಆಗದೆ ಹವ್ಯಾಸ ಎಲ್ಲರ ಪಾಲಿಗೂ ಬರಲಾರದು. ಎಂಟು ನೂರು ವರ್ಷಗಳ ಹಿಂದೆ ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಹೇಳಿದ್ದು ಇದನ್ನೇ: ದಿನಕ್ಕೆ ಬೇಕಾದಷ್ಟು ಅಕ್ಕಿ ಸಾಕು. ಉಳಿದದ್ದನ್ನು ಅಲ್ಲೇ ಬಿಟ್ಟು ಬಂದರೆ, ಅವನಿಗೂ ಅವಳಿಗೂ ವಚನ ಹೇಳುವಷ್ಟು ಹೊತ್ತು ಉಳಿಯುತ್ತದೆ.